ಸದ್ದು ನಿಂತ ಮೇಲೂ ಕುಣಿದ ಕುದುರೆ

ಪಕ್ಕೀರಮ್ಮನಿಗೆ ಕುದುರೆಯೆಂದರೆ ಹೆದರಿಕೆ. ಆದರೆ ಅವಳ ಮನೆಯಂಗಳದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕುದುರೆ ಇದೆ. ಗಂಡ ಪಾಲಾಕ್ಷಪ್ಪ ಮದುವೆ ಮೆರವಣಿಗೆಗೆ ಕುಣಿಯುವ ಕುದುರೆ ಒಯ್ಯುವವನು. ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ದಾರಿಯ ಮಗ್ಗುಲಿಗೆ ಅವರ ಹಳ್ಳಿ. ಸುತ್ತಲಿನ ಊರುಗಳಲ್ಲಿ ಕುದುರಿ ಪಾಲಾಕ್ಷಿ ಎಂದರೆ ಎಲ್ಲರಿಗೂ ಗೊತ್ತು. ಹೆಂಡತಿ ಮಾತ್ರ ಇಷ್ಟೂ ವರ್ಷ ಆ ಪ್ರಾಣಿಗೆ ಮೇವು ಹಾಕಿದ್ದು ಕೋಲಿನಿಂದ. ಬುಟ್ಟಿಯನ್ನು ನೆಲದ ಮೇಲಿಟ್ಟು ಉದ್ದನೆಯ ಕೋಲಿನ ತುದಿಯಿಂದ ಗೂಟದವರೆಗೆ ನೂಕುತ್ತಿದ್ದಳು. ಆಮೇಲೆ ಕುದುರೆಗೆ ಬೆನ್ನು ಕೊಡದೆ, ಹಿಂದು ಹಿಂದಕ್ಕೆ ಹೆಜ್ಜೆ ಹಾಕುತ್ತ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದಳು.

ಇದನ್ನು ಅವಳೇ ನನಗೆ ಹೇಳಿದಳು. ನಾನು ಕೊಟ್ಟೂರಿನ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಅವಳ ಪರಿಚಯವಾದದ್ದು ಒಂದು ಮದುವೆಯಲ್ಲಿ. ಅದಾದ ಮೇಲೆ ಮೂರು ನಾಲ್ಕು ಸಲ ಅವರ ಹಳ್ಳಿಗೆ ಹೋಗಿ ಕಟ್ಟೆಯ ಮೇಲೆ ಕೂತು ಮಾತಾಡಿಸಿದ್ದೇನೆ.

ಅವಳ ತವರು ಹಂಪಸಾಗರ. ಹುಟ್ಟಿದಾಗಿನಿಂದ ಕುರಿಗಳ ನಡುವೆ ಬೆಳೆದವಳು. "ಕುರಿ ನಮ್ಮ ಮಣಕಾಲು ನೋಡ್ತಾವ್ರಿ ಮೇಷ್ಟ್ರೇ, ಕುದುರಿ ನಮ್ಮ ನೆತ್ತಿ ನೋಡತೈತಿ," ಅಂದಳು ಮೊದಲ ದಿನವೇ. ಮದುವೆಯಾಗಿ ಗಂಡನ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಗೂಟದಲ್ಲಿದ್ದ ಕುದುರೆ ಮುಂಗಾಲೆತ್ತಿ ನಿಂತಿತಂತೆ. ಅತ್ತೆ ನಕ್ಕು, "ಹೊಸ ಸೊಸಿ ಬಂದಾಳಂತ ಎಷ್ಟು ಚಂದ ಕುಣಿಯಾಕತ್ತೈತಿ ನೋಡ್ರಬೇ," ಎಂದು ಕೂಡಿದ ಹೆಂಗಸರಿಗೆ ತೋರಿಸಿದಳಂತೆ. ಆ ಹೊತ್ತಿಗೆ ಮದುಮಗಳ ಸೀರೆ ಒದ್ದೆಯಾಗಿತ್ತು. ಆರತಿಯ ನೀರು ಚೆಲ್ಲಿತು ಎಂದು ಹೇಳಿ ಒಳಗೆ ಹೋಗಿ ಬದಲಾಯಿಸಿಕೊಂಡಳು. ಹತ್ತೊಂಬತ್ತು ವರ್ಷದ ಹುಡುಗಿ. ಅಂದಿನಿಂದ 'ಕುಣಿ' ಎಂಬ ಮಾತು ಕಿವಿಗೆ ಬಿದ್ದರೆ ಅವಳು ಕೂತಲ್ಲಿಂದ ಎದ್ದು ಒಳಗೆ ಹೋಗುತ್ತಿದ್ದಳು.

ಊರವರಿಗೆಲ್ಲ ಆ ಮಾತೆಂದರೆ ಸಂಭ್ರಮ. ಬೀರಪ್ಪ ದೇವರ ಮುಂದೆ ಡೊಳ್ಳು ಕಟ್ಟಿಕೊಂಡು ಕುಣಿಯುತ್ತಾರೆ, ಚುನಾವಣೆ ಗೆದ್ದರೆ ಕುಣಿಯುತ್ತಾರೆ, ಸೊಕ್ಕಿದವನನ್ನು ಕಂಡರೆ "ಬಾಳ ಕುಣಿಯಾಕತ್ತ್ಯಾನ" ಅನ್ನುತ್ತಾರೆ. ಪಾಲಾಕ್ಷಪ್ಪನಿಗೆ ಅದು ಕಸುಬು. ಸೋಲಾಪುರದ ಕಡೆಯಿಂದ ಮರಿ ತಂದು, ಎರಡು ಹಗ್ಗಗಳ ನಡುವೆ ನಿಲ್ಲಿಸಿ, ಚರ್ಮದ ಹಲಗೆ ಬಾರಿಸಿ, ಅದರ ತಾಳಕ್ಕೆ ಒಂದೊಂದೇ ಕಾಲು ಎತ್ತಿಸುತ್ತಿದ್ದ. ಈಗಿರುವುದು ಅವನ ಮೂರನೆಯ ಕುದುರೆ, ಬಿಳಿಯ ಹೆಣ್ಣುಕುದುರೆ. ಮಗಳು ಕೀರ್ತನಾ ಸಣ್ಣವಳಿದ್ದಾಗ ಅದಕ್ಕೆ ಸಕ್ಕರಿ ಎಂದು ಹೆಸರಿಟ್ಟಳು. ಮಗಳು ಅದರ ಹೊಟ್ಟೆಯ ಕೆಳಗೆ ನುಸುಳಿ ಆಡುತ್ತಿದ್ದರೆ ತಾಯಿ ಹೊಸ್ತಿಲಲ್ಲಿ ನಿಂತು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನಲ್ಲಿ ಒಂದು ಮದುವೆ. ಪಾಲಾಕ್ಷಪ್ಪ ಬೆಳಗ್ಗೆಯೇ ಟಾಟಾ ಏಸ್‌ನಲ್ಲಿ ಸಕ್ಕರಿಯನ್ನು ಹತ್ತಿಸಿಕೊಂಡು ಹೋಗಿದ್ದ. ಜೊತೆಗೆ ಹಲಗೆ ಬಾರಿಸುವ ಓಬಳೇಶ್. ಹನ್ನೊಂದರ ಸುಮಾರಿಗೆ ಪಕ್ಕೀರಮ್ಮ ರೊಟ್ಟಿ ಬಡಿಯುತ್ತಿದ್ದಾಗ ಫೋನು ಬಂತು. ಓಬಳೇಶನ ದನಿ.

"ಅತ್ತಿಗಿ, ಅಣ್ಣ ಕುಣಿಯಾಗ ಬಿದ್ದಾನ..."

ಅಷ್ಟೇ. ಲೈನು ಕಡಿಯಿತು.

ನಮ್ಮ ಕಡೆ ಕುಣಿ ಎಂದರೆ ಗುಂಡಿ. ಗಿಡ ನೆಡಲು ತೋಡುವುದೂ ಕುಣಿ, ಹೆಣ ಹೂಳಲು ತೋಡುವುದೂ ಕುಣಿ. ಆ ಗಳಿಗೆಯಲ್ಲಿ ಪಕ್ಕೀರಮ್ಮನ ತಲೆಗೆ ಬಂದದ್ದು ಒಂದೇ ಅರ್ಥ. ಕೈಯ ಹಿಟ್ಟನ್ನು ತೊಳೆಯಲಿಲ್ಲ, ಹೆಂಚಿನ ಮೇಲಿನ ರೊಟ್ಟಿಯನ್ನು ತೆಗೆಯಲಿಲ್ಲ. ಮನೆಯೆಲ್ಲ ಹೊಗೆ ತುಂಬಿಕೊಂಡರೂ ಅವಳು ಒಲೆಯ ಮುಂದೆಯೇ ಕೂತಿದ್ದಳು. ಕೀರ್ತನಾ ತಿರುಗಿ ತಿರುಗಿ ಫೋನು ಹಚ್ಚಿದಳು. ಮುಕ್ಕಾಲು ಗಂಟೆಯ ಮೇಲೆ ಓಬಳೇಶ್ ಸಿಕ್ಕ. ಮಗಳು ಫೋನನ್ನು ಕಿವಿಗೆ ಹಿಡಿದೇ ತಾಯಿಯ ಭುಜ ಅಲ್ಲಾಡಿಸಿದಳು. "ಅವ್ವಾ, ಪೈಪಿನ ಕುಣಿಯಂತ! ನೀರಿನ ಪೈಪಿಗೆ ತೋಡಿದ್ದಂತ. ಜೀವ ಐತಿ. ಕಾಲು ಮುರದೈತಿ, ಜೀವ ಐತಿ!"

ಪಕ್ಕೀರಮ್ಮ ಆಗ ಹೆಂಚಿನ ಮೇಲಿನ ಕರಕಲು ರೊಟ್ಟಿಯನ್ನು ತೆಗೆದಳು.

ಕುದುರೆ ಕುಣಿಯುತ್ತ ಹಿಂದೆ ಸರಿದು, ರಸ್ತೆಯ ಬದಿಯ ಗುಂಡಿಗೆ ಹಿಂಗಾಲು ಜಾರಿಸಿ, ಹಗ್ಗ ಹಿಡಿದವನನ್ನೂ ಎಳೆದುಕೊಂಡು ಬಿದ್ದಿತ್ತು. ಸಕ್ಕರಿಗೆ ತರಚಿದ ಗಾಯ. ಪಾಲಾಕ್ಷಪ್ಪನ ತೊಡೆಯ ಮೂಳೆ ಮುರಿದಿತ್ತು. ದಾವಣಗೆರೆಯಲ್ಲಿ ಆಪರೇಷನ್ ಮಾಡಿ ರಾಡು ಹಾಕಿದರು. ಆರು ತಿಂಗಳು ನೆಲಕ್ಕೆ ಭಾರ ಊರಬಾರದು ಎಂದರು. ಅವನ ಹಾಸಿಗೆ ಪಡಸಾಲೆಗೆ ಬಂತು. ಅಲ್ಲಿಂದ ಅಂಗಳ ಕಾಣುತ್ತಿತ್ತು, ಗೂಟದಲ್ಲಿ ಸುಮ್ಮನೆ ನಿಂತ ಸಕ್ಕರಿಯೂ ಕಾಣುತ್ತಿತ್ತು.

ಮಾತು ಕೊಟ್ಟಿದ್ದ ಮದುವೆಗಳು ಇನ್ನೂ ಐದಿದ್ದವು. ಕೀರ್ತನಾ ಆಗ ಪಿಯುಸಿ ಎರಡನೇ ವರ್ಷದಲ್ಲಿದ್ದಳು. "ಅಪ್ಪ, ನಾ ಒಯ್ತೀನಿ. ಸಕ್ಕರಿ ನನ್ನ ಮಾತು ಕೇಳತೈತಿ," ಎಂದಳು.

"ನೀ ಹಗ್ಗ ಮುಟ್ಟಿದ್ರ ನೋಡು!" ಪಕ್ಕೀರಮ್ಮ ಅಡುಗೆಮನೆಯಿಂದಲೇ ಚೀರಿದಳು. ಹೊರಗೆ ಬಂದಾಗ ಅವಳ ಮುಖ ಬಿಳಚಿಕೊಂಡಿತ್ತು. "ಯಾರೂ ಮುಟ್ಟಬ್ಯಾಡ್ರಿ. ನಾನ ಹಿಡೀತೀನಿ."

ಪಾಲಾಕ್ಷಪ್ಪನಿಗೆ ಆ ನೋವಿನಲ್ಲೂ ನಗು ಬಂತು. "ನೀನಾ? ಕೋಲಿಲ್ದ ಮೇವು ಹಾಕದಾಕಿ!"

"ಮಗಳನ್ನ ಕಳಸೋ ಅಂಜಿಕಿ ದೊಡ್ಡದ್ರಿ. ಇದು ಸಣ್ಣದು," ಎಂದಳು ಹೆಂಡತಿ.

ಸಣ್ಣದೇನಾಗಿರಲಿಲ್ಲ. ಮೊದಲ ವಾರ ಅವಳು ಕುದುರೆಯ ಕೊರಳಿನಿಂದ ಎರಡು ಮೊಳ ದೂರ ನಿಂತು ಹಗ್ಗ ಹಿಡಿದಳು. ಅದು ಒಮ್ಮೆ ಮೂಗಿನಿಂದ ಉಸಿರು ಬಿಟ್ಟರೆ ಹಗ್ಗ ಕೈಬಿಟ್ಟು ಗೋಡೆಗೆ ಅಂಟಿಕೊಳ್ಳುತ್ತಿದ್ದಳು. ಪಾಲಾಕ್ಷಪ್ಪ ಮಲಗಿದಲ್ಲಿಂದಲೇ ಪಾಠ ಹೇಳಿದ. "ಕಾಲು ನೋಡಬ್ಯಾಡ. ಎಲ್ಲಾರೂ ಕಾಲು ನೋಡ್ತಾರ. ನೀ ಕಿವಿ ನೋಡು. ಹಲಗಿ ಕಡಿಗೆ ಕಿವಿ ತಿರುಗಿಸೈತಿ ಅಂದ್ರ ಕುಣಿಯಾಕತ್ತೈತಿ. ಕಿವಿ ಹಿಂದಕ ಮಲಗಿದ್ವು, ಕಣ್ಣಾಗ ಬಿಳೀದು ಕಂಡ್ತು, ಬಾಲ ತೊಡಿಗೆ ಅಂಟ್ತು ಅಂದ್ರ ಅದು ಕುಣಿತ ಅಲ್ಲ, ಅಂಜಿಕಿ."

"ಎರಡಕ್ಕೂ ಕಾಲು ಒಂದ ನಮೂನಿ ಎತ್ತತೈತಲ್ರಿ?"

"ಎತ್ತತೈತಿ. ಅದಕ್ಕ ಜನಕ್ಕ ತಿಳಿಯಂಗಿಲ್ಲ. ನಿನಗೂ ತಿಳೀಲಿಲ್ಲಾಂದ್ರ ಒಂದು ಕೆಲಸ ಮಾಡು, ಹಲಗಿ ನಿಲ್ಲಸು. ಕುಣಿಯೋ ಕುದುರಿ ನಿಲ್ಲತೈತಿ. ಅಂಜಿದ ಕುದುರಿ ನಿಲ್ಲಂಗಿಲ್ಲ."

ಆ ಮಾತು ಅವಳಲ್ಲಿ ಎಲ್ಲೋ ನಾಟಿಕೊಂಡಿತು. ಮದುವೆಯಾಗಿ ಬಂದ ದಿನ ಅಂಗಳದಲ್ಲಿ ಹಲಗೆಯೂ ಇರಲಿಲ್ಲ, ಡೊಳ್ಳೂ ಇರಲಿಲ್ಲ. ಕಣ್ಣು ಕೋರೈಸುವ ಹೊಸ ಸೀರೆ, ಗಲಗಲ ಬಳೆ, ಗುರುತಿಲ್ಲದ ಇಪ್ಪತ್ತು ಮಂದಿ ಒಮ್ಮೆಲೇ ಒಳಗೆ ನುಗ್ಗಿದ್ದರು. ಹಾಗಾದರೆ ಅವತ್ತು ಗೂಟದಲ್ಲಿದ್ದ ಆ ಕುದುರೆ? ಇಷ್ಟು ವರ್ಷ ಅದರ ಸೊಕ್ಕು ಎಂದುಕೊಂಡದ್ದು?

"ನನ್ನ ಹಂಗ ಅದಕ್ಕೂ ಅಂಜಿಕಿ ಆಗಿತ್ತೋ ಏನೋ ಅನ್ನಿಸ್ತು ನೋಡ್ರಿ. ಅವತ್ತು ಮೊದಲನೇ ಸಲ ಸಕ್ಕರಿ ಮೈ ಮುಟ್ಟಿದೆ," ಎಂದು ನನಗೆ ಹೇಳಿದಳು. "ಬಿಸಿ ಇತ್ರಿ. ನಾ ತಣ್ಣಗ ಇರತೈತಿ ಅಂದ್ಕೊಂಡಿದ್ದೆ."

ಒಂದು ಮುಂಜಾನೆ ಜೋಳ ಕೊಯ್ದ ಹೊಲದಲ್ಲಿ ಕೀರ್ತನಾ ಸಕ್ಕರಿಯ ಹಗ್ಗ ಬಿಚ್ಚಿಬಿಟ್ಟಳು. ಕುದುರೆ ಸ್ವಲ್ಪ ಹೊತ್ತು ಮೂಸುತ್ತ ನಿಂತಿದ್ದು, ಇದ್ದಕ್ಕಿದ್ದಂತೆ ನಾಲ್ಕೂ ಕಾಲು ಮೇಲಕ್ಕೆ ಚಿಮ್ಮಿಸಿ, ಕೊರಳು ಕೊಂಕಿಸಿ, ಹೊಲದುದ್ದಕ್ಕೂ ಓಡಿತು. ಮತ್ತೆ ತಿರುಗಿ ಹಾರಿತು, ಗಾಳಿಗೆ ಒದೆಯಿತು. ಪಕ್ಕೀರಮ್ಮ ಬೇವಿನ ಮರದ ಹಿಂದೆ ಓಡಿ ನಿಂತು ಇಣುಕಿದಳು. ಕಿವಿಗಳು ನೆಟ್ಟಗಿದ್ದವು, ಬಾಲ ಬಾವುಟದ ಹಾಗೆ ಎತ್ತಿತ್ತು. ಮನೆಗೆ ಬಂದು, "ಇದು ಯಾವ ಕುಣಿತರಿ?" ಎಂದು ಗಂಡನನ್ನು ಕೇಳಿದಳು. ಅವನು, "ಅದನ್ನ ನಾ ಕಲಸಿಲ್ಲ," ಅಂದ.

ಮೊದಲ ನಾಲ್ಕು ಮದುವೆಗಳು ಹೇಗೋ ಆದವು. ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಳ್ಳುತ್ತಿದ್ದಳು. ಹಾಗೆ ಸುತ್ತಬಾರದು, ಕುದುರೆ ಓಡಿದರೆ ಎಳೆದುಕೊಂಡು ಹೋಗುತ್ತದೆ ಎಂದು ಗಂಡ ಎಷ್ಟು ಹೇಳಿದರೂ ಬಿಡಲಿಲ್ಲ. ಸುತ್ತದಿದ್ದರೆ ತಾನೇ ಬಿಟ್ಟು ಓಡಿಹೋಗುತ್ತೇನೆಂಬ ಭಯ.

ಐದನೆಯದು ಕೊಟ್ಟೂರಿನಲ್ಲಿ. ಬಟ್ಟೆ ಅಂಗಡಿಯ ಗುರುಸಂಗಪ್ಪನವರ ಮಗ ಗವಿಸಿದ್ದೇಶನ ಮದುವೆ. ಗುರುಸಂಗಪ್ಪನವರು ನಮ್ಮ ಶಾಲೆಯ ಪಕ್ಕದ ಬೀದಿಯವರು, ಹಾಗಾಗಿ ನಾನೂ ಹೋಗಿದ್ದೆ. ಬೆಳಗಿನ ಹತ್ತು ಗಂಟೆ. ದೇವಸ್ಥಾನದಿಂದ ಕಲ್ಯಾಣ ಮಂಟಪದವರೆಗೆ ಮೆರವಣಿಗೆ. ಮುಂದೆ ಕಳಸ ಹಿಡಿದ ಹೆಂಗಸರು, ಅವರ ಜೊತೆಗೆ ಕೋಲೂರಿಕೊಂಡು ಮದುಮಗನ ಅಜ್ಜಿ ಅನ್ನದಾನಮ್ಮ. ಅವರ ಹಿಂದೆ ಕುದುರೆ. ಮೇಲೆ ಪೇಟ ಸುತ್ತಿದ ಮದುಮಗ. ಅವನ ಅಕ್ಕನ ಮಗಳು, ನಾಲ್ಕು ವರ್ಷದ ಕ್ರಾಂತಿ, ಮಾವನ ಜೊತೆ ತಾನೂ ಕೂರಬೇಕೆಂದು ಅತ್ತು, ಅವನ ಮುಂದೆ ಜೀನಿನ ಮೇಲೆ ಕೂತಿದ್ದಳು. ಓಬಳೇಶ್ ಹಲಗೆ ಬಾರಿಸುತ್ತಿದ್ದ. ಹಗ್ಗ ಹಿಡಿದ ಹೆಂಗಸನ್ನು ಕಂಡು ಜನ ಆಶ್ಚರ್ಯಪಟ್ಟು ಫೋಟೊ ತೆಗೆಯುತ್ತಿದ್ದರು. ಸಕ್ಕರಿ ಚೆನ್ನಾಗಿಯೇ ಕುಣಿಯುತ್ತಿತ್ತು.

ಬಜಾರಿನ ಓಣಿಗೆ ತಿರುಗಿದಾಗ ಹಿಂದಿನಿಂದ ಡಿಜೆ ಗಾಡಿ ಬಂತು. ಅದು ಮುಂದಿರಬೇಕಾಗಿತ್ತು, ಓಣಿ ಇಕ್ಕಟ್ಟಾದ್ದರಿಂದ ಕುದುರೆಯ ಹಿಂದೆಯೇ ನಿಂತಿತು. ಆಳೆತ್ತರದ ಪೆಟ್ಟಿಗೆಗಳಿಂದ ಸದ್ದು ಹೊರಟಿತು. ಎರಡೂ ಕಡೆಯ ಅಂಗಡಿಗಳ ಶಟರುಗಳು ಗಡಗಡ ನಡುಗಿದವು. ನನ್ನ ಎದೆಗೂಡಿನೊಳಗೆ ಯಾರೋ ಗುದ್ದಿದ ಹಾಗಾಯಿತು. ಓಬಳೇಶನ ಹಲಗೆ ಕೇಳಿಸದೆ ಹೋಯಿತು. ಯಾರೋ ಬಣ್ಣದ ಕಾಗದ ಚಿಮ್ಮಿಸುವ ಪಟಾಕಿಯನ್ನು ಕುದುರೆಯ ಮಗ್ಗುಲಲ್ಲೇ ಢಮ್ ಎನ್ನಿಸಿದರು.

ಸಕ್ಕರಿ ಮುಂಗಾಲು ಎತ್ತಿತು. ಇಳಿಸಿತು. ಅಡ್ಡಡ್ಡ ಹಾರಿತು. ಮತ್ತೆ ಎತ್ತಿತು.

"ಹೋ!" ಎಂದು ಓಣಿಯೆಲ್ಲ ಕೂಗಿತು. ಮೊಬೈಲುಗಳು ಮೇಲೆದ್ದವು. ನಾನೂ ಎತ್ತಿದೆ. ಅಷ್ಟು ಚಂದದ ಕುಣಿತವನ್ನು ನಾನು ನೋಡಿರಲಿಲ್ಲ.

ಹಗ್ಗ ಹಿಡಿದವಳ ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ. ಅವಳು ಏನೋ ಕೂಗುತ್ತಿದ್ದಳು. ಬಾಯಿ ಆಡುವುದು ಕಾಣುತ್ತಿತ್ತು, ದನಿ ಇಲ್ಲ. ಗುರುಸಂಗಪ್ಪನವರು ಪಕ್ಕದಲ್ಲೇ ಇದ್ದರು. ಅವಳು ಅವರ ಕಿವಿಯ ಹತ್ತಿರ ಹೋಗಿ ಚೀರಿದ್ದು ಏನೆಂದು ನನಗೆ ಆಮೇಲೆ ತಿಳಿಯಿತು: "ಸಾವ್ಕಾರ್ರ, ಡಿಜೆ ಬಂದ್ ಮಾಡಸ್ರಿ!"

"ಕುಣೀಲಿ ಅಂತ ಕುದುರಿ ಕರಸೀವಿ, ಕುಣಿಯಾಕತ್ತಿದ ಮ್ಯಾಲೆ ಬಂದ್ ಮಾಡು ಅಂತೀಯಲ್ಲವ್ವ!" ಅವರು ನಗುತ್ತಲೇ ಅಂದರು.

"ಇದು ಕುಣಿಯಾಕತ್ತಿಲ್ರೀ! ಅಂಜಾಕತ್ತೈತಿ! ಕೂಸನ್ನ ಇಳಸ್ರಿ!"

ಮತ್ತೊಂದು ಪಟಾಕಿ ಸಿಡಿಯಿತು. ಆಮೇಲಿನ ಮಾತು ಅವರಿಗೂ ಕೇಳಿಸಲಿಲ್ಲ.

ಗಮನಿಸಿದವರು ಒಬ್ಬರೇ, ಅಜ್ಜಿ ಅನ್ನದಾನಮ್ಮ. ಅವರಿಗೆ ಕಿವಿ ಮಂದ. ಆ ಸದ್ದು ಅವರನ್ನು ಮುಟ್ಟಿರಲಿಲ್ಲವಾದ್ದರಿಂದ, ಹಿಂತಿರುಗಿ ನೋಡಿದವರಿಗೆ ಕುದುರೆಯ ಕಣ್ಣಿನ ಬಿಳಿ ಕಂಡಿತು, ಹಗ್ಗದವಳ ಮುಖ ಕಂಡಿತು, ಮೊಮ್ಮಗನ ಮುಂದೆ ಬಾಯಿ ತೆರೆದು ಅಳುತ್ತಿದ್ದ ಮರಿಮಗಳು ಕಂಡಳು. ಅವರು ಗೋಡೆಗುಂಟ ಕುದುರೆಯನ್ನು ದಾಟಿ ಬಂದು, ಡಿಜೆ ಗಾಡಿಯ ಮುಂದೆ ನಿಂತು, ಕೋಲನ್ನು ಎರಡೂ ಕೈಯಿಂದ ಮೇಲೆತ್ತಿ ಬೀಸತೊಡಗಿದರು.

"ಅಜ್ಜೀನೂ ಕುಣಿಯಾಕತ್ತ್ಯಾಳಲೇ!" ಎಂದು ನನ್ನ ಪಕ್ಕದವನು ನನ್ನ ಕಿವಿಯಲ್ಲಿ ಕಿರುಚಿ ಸೀಟಿ ಹೊಡೆದ. ಇನ್ನೂ ನಾಲ್ಕು ಮಂದಿ ಸೀಟಿ ಹೊಡೆದರು. ಎಪ್ಪತ್ತೆಂಟು ವರ್ಷದ ಮುದುಕಿ, ಕಣ್ಣಲ್ಲಿ ನೀರು ಸುರಿಯುತ್ತಿದೆ, ಕೋಲು ಬೀಸುತ್ತಿದ್ದಾಳೆ, ಸುತ್ತ ಚಪ್ಪಾಳೆ. ಕೊನೆಗೆ ಅಜ್ಜಿ ಕೋಲಿನಿಂದ ಗಾಡಿಯ ಗಾಜಿಗೆ ಹೊಡೆದರು. ಗಾಜು ಬಿರುಕು ಬಿಟ್ಟಿತು. ಡ್ರೈವರು ಗಾಬರಿಯಾಗಿ ಸದ್ದು ನಿಲ್ಲಿಸಿದ.

ಓಣಿಯಲ್ಲಿ ನಿಶ್ಶಬ್ದ.

ಕುದುರೆ ನಿಲ್ಲಲಿಲ್ಲ. ಡಾಂಬರಿನ ಮೇಲೆ ಲಾಳಗಳ ಸದ್ದು ಟಕ ಟಕ ಟಕ ಎಂದು ಕೇಳುತ್ತಲೇ ಇತ್ತು. ತಾಳವಿಲ್ಲ, ಲಯವಿಲ್ಲ. ಕೊರಳೆಲ್ಲ ಬೆವರಿನ ನೊರೆ. ಮೂಗಿನ ಹೊಳ್ಳೆಗಳಿಂದ ಹರಿದ ತಿದಿಯಂಥ ಉಸಿರು. ಮೇಲೆತ್ತಿದ ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಇಷ್ಟು ಹೊತ್ತು ನಾವೆಲ್ಲ ಏನನ್ನು ನೋಡಿ ಕೇಕೆ ಹಾಕುತ್ತಿದ್ದೆವು ಎಂದು ಆಗ ತಿಳಿಯಿತು. ಮುಂದೆ ಇಪ್ಪತ್ತು ಹೆಜ್ಜೆಗೆ ಕಳಸ ಹಿಡಿದ ಹೆಂಗಸರು ಓಣಿ ತುಂಬ ನಿಂತಿದ್ದರು. ಕುದುರೆ ಓಡಿದರೆ ಅವರ ಮೇಲೆಯೇ ಹೋಗಬೇಕು.

"ಯಾರೂ ಅಲ್ಲಾಡಬ್ಯಾಡ್ರಿ. ಒದರಬ್ಯಾಡ್ರಿ," ಪಕ್ಕೀರಮ್ಮನ ದನಿ ಸಣ್ಣಗೆ ನಡುಗುತ್ತಿತ್ತು. "ಮದುಮಗ್ನೋರ, ಕೂಸನ್ನ ಓಬಳೇಶನ ಕೈಗೆ ಕೊಡ್ರಿ. ಮೆತ್ತಗ."

ಗವಿಸಿದ್ದೇಶ್ ಕೂಸನ್ನು ಎತ್ತಿ ಕೆಳಗೆ ಚಾಚಿದ. ಓಬಳೇಶ್ ಹಲಗೆಯನ್ನು ಬಿಸಾಡಿ ಕೂಸನ್ನು ಎದೆಗವಚಿಕೊಂಡ. ಹಲಗೆ ಬಿದ್ದ ಸದ್ದಿಗೆ ಸಕ್ಕರಿ ಮತ್ತೆ ಮುಂಗಾಲೆತ್ತಿ ನೆಟ್ಟಗೆ ನಿಂತಿತು. ಮದುಮಗನ ಪೇಟ ಹಾರಿಹೋಯಿತು. ಅವನು ಜಾರಿದ, ಆದರೆ ಒಂದು ಪಾದ ರಿಕಾಬಿನ ಕಬ್ಬಿಣದ ಬಳೆಯಲ್ಲಿ ಸಿಕ್ಕಿಕೊಂಡು ಕುದುರೆಯ ಪಕ್ಕೆಗೆ ಜೋತುಬಿದ್ದ. "ಅಪ್ಪಾ!" ಎಂದು ಕೂಗಿದ.

ಪಕ್ಕೀರಮ್ಮ ಆಗ ಮಾಡಿದ್ದನ್ನು ತಾನು ಮಾಡಿದೆನೆಂದು ಅವಳಿಗೇ ನಂಬಿಕೆಯಿಲ್ಲ. ಹಗ್ಗವನ್ನು ಗಿಡ್ಡ ಮಾಡುತ್ತ ಮಾಡುತ್ತ ಕುದುರೆಯ ಎದೆಯ ಹತ್ತಿರ ಹೋದಳು. ಇಳಿದ ಗೊರಸು ಅವಳ ಎಡಗಾಲಿನ ಮೇಲೆ ಬಿತ್ತು. ಅವಳು ಕೂಗಲಿಲ್ಲ. ಒಂದು ಕೈ ಅದರ ಕೊರಳಿಗೆ ಹಾಕಿ, ಇನ್ನೊಂದರಿಂದ ಸೆರಗನ್ನು ಎಳೆದು ಅದರ ಎರಡೂ ಕಣ್ಣಿನ ಮೇಲೆ ಹೊದಿಸಿ, ತನ್ನ ಮುಖವನ್ನು ಅದರ ಕೆನ್ನೆಗೆ ಒತ್ತಿದಳು. "ನಾನೂ ಅಂಜೀನಿ. ನಾನೂ ಅಂಜೀನಿ ನನ್ನವ್ವ. ನಿಂದ್ರು," ಎಂದು ಅದರ ಕಿವಿಯಲ್ಲಿ ಹೇಳುತ್ತಲೇ ಇದ್ದಳು. ಹತ್ತಿರದಲ್ಲಿದ್ದ ನನಗೆ ಅದು ಕೇಳಿಸಿತು.

ಕಾಲುಗಳು ನಿಧಾನವಾದವು. ಒಂದು ಸಲ ಎತ್ತಿ, ಅರ್ಧಕ್ಕೆ ತಡೆದು, ಕೆಳಗಿಟ್ಟಿತು. ನಿಂತಿತು. ಮೈಯ ಚರ್ಮ ಮಾತ್ರ ಅಲೆಅಲೆಯಾಗಿ ಅದುರುತ್ತಿತ್ತು. ಗುರುಸಂಗಪ್ಪನವರೇ ಮಗನ ಕಾಲನ್ನು ರಿಕಾಬಿನಿಂದ ಬಿಡಿಸಿದರು. ಅದಕ್ಕೆ ಮೊದಲು ಮೂರು ಸಲ ಅವರ ಕೈ ತಪ್ಪಿತು.

ಮದುವೆ ನಡೆಯಿತು. ಮದುಮಗ ನಡೆದುಕೊಂಡೇ ಮಂಟಪಕ್ಕೆ ಹೋದ. ಗುರುಸಂಗಪ್ಪನವರು ಮೊದಲು, "ಇಂಥ ಕುದುರಿ ಯಾಕ ತಂದಿ?" ಎಂದು ಕೂಗಾಡಿದರು. ಅನ್ನದಾನಮ್ಮ ಮಗನನ್ನು ಸುಮ್ಮನಿರಿಸಿ, ಪಕ್ಕೀರಮ್ಮನನ್ನು ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿದರು. ಆಗಲೇ ಎಲ್ಲರೂ ನೋಡಿದ್ದು, ಅವಳ ಚಪ್ಪಲಿಯೆಲ್ಲ ರಕ್ತ. ಕಾಲಿನ ಎರಡು ಬೆರಳು ಮುರಿದಿದ್ದವು. ಅಂಗೈಯಲ್ಲಿ ಹಗ್ಗ ಕೊರೆದ ಗೆರೆ.

ನಾನು ಅವಳ ಹಳ್ಳಿಗೆ ಮೊದಲ ಸಲ ಹೋದದ್ದು ಆ ವಾರದ ಕೊನೆಗೆ, ಕಾಲು ಹೇಗಿದೆ ಎಂದು ಕೇಳಲು. ನನ್ನ ಮೊಬೈಲಿನ ವಿಡಿಯೊ ಅಳಿಸಿದ್ದೆ. ಆದರೆ ಬೇರೆಯವರ ವಿಡಿಯೊ ಅಷ್ಟರಲ್ಲಿ ಊರೂರು ತಿರುಗಿತ್ತು. ಸದ್ದು ನಿಂತ ಮೇಲಿನದೆಲ್ಲ ಕತ್ತರಿಸಿ, ಹಾಡು ಹಾಕಿ, ಕುಣಿತದ ರಾಣಿ ಎಂದು ಹೆಸರು ಕೊಟ್ಟಿದ್ದರು. ನಾನಿದ್ದಾಗಲೇ ಹರಪನಹಳ್ಳಿಯಿಂದ ಯಾರದೋ ಫೋನು ಬಂತು. "ಆ ವಿಡಿಯೊದಾಗ ಕುಣೀತಲ್ಲ, ಹಂಗ ಕುಣಸ್ಬೇಕು ನೋಡಮ್ಮ." ಪಕ್ಕೀರಮ್ಮ ಫೋನನ್ನು ಗಂಡನಿಗೆ ಕೊಟ್ಟಳು. ಪಾಲಾಕ್ಷಪ್ಪ, "ಆ ಕುದುರಿ ಇಲ್ರಿ," ಎಂದು ಇಟ್ಟುಬಿಟ್ಟ.

ಆಮೇಲೆ ಅವಳು ಗಂಡನನ್ನು ನನ್ನ ಎದುರಿಗೇ ಕೇಳಿದಳು. "ಖರೇ ಹೇಳ್ರಿ. ಮೊದಲನೇ ಹೆಜ್ಜಿ ಹೆಂಗ ಕಲಸಿದ್ರಿ ಇದಕ್ಕ?"

ಅವನು ಗೋಡೆ ನೋಡಿದ. "ಮಣಕಾಲಿಗೆ ಬೆತ್ತದ್ಲೆ ಹೊಡದು. ಹಲಗಿ ಪೆಟ್ಟು ಬಿದ್ದ ಕೂಡ್ಲೆ ಬೆತ್ತದ ಪೆಟ್ಟು. ಒಂದು ತಿಂಗಳಾದ ಮ್ಯಾಲೆ ಬೆತ್ತ ಬೇಕಾಗಂಗಿಲ್ಲ." ಮತ್ತೆ ಹೇಳಿದ, "ನನ್ನಪ್ಪನೂ ಹಂಗ ಕಲಸಿದ್ದ. ಬ್ಯಾರೆ ದಾರಿ ನನಗ ಗೊತ್ತಿಲ್ಲ."

ಅವಳು ಎದ್ದು ಕುಂಟುತ್ತ ಒಳಗೆ ಹೋದಳು.

ಪಾಲಾಕ್ಷಪ್ಪ ಈಗ ಕೋಲು ಹಿಡಿದು ನಡೆಯುತ್ತಾನೆ, ಮೆರವಣಿಗೆಗೆ ಹೋಗುವ ತ್ರಾಣವಿಲ್ಲ. ಇನ್ನೊಂದು ಮರಿ ತರುವ ಮಾತನ್ನು ಅವನೇ ಬಿಟ್ಟಿದ್ದಾನೆ. ಸಕ್ಕರಿಯನ್ನು ಪಕ್ಕೀರಮ್ಮನೇ ಒಯ್ಯುತ್ತಾಳೆ. ಕೇಳಿಬಂದವರಿಗೆ ಮೊದಲೇ ಹೇಳುತ್ತಾಳೆ: ಹಲಗೆ ಇರಲಿ, ಡೊಳ್ಳು ಇರಲಿ, ಡಿಜೆ ಇದ್ದರೆ ಬರುವುದಿಲ್ಲ, ಮಕ್ಕಳನ್ನು ಕೂರಿಸುವುದಿಲ್ಲ, ಕುದುರೆ ಕುಣಿದರೆ ಕುಣಿಯುತ್ತದೆ, ಇಲ್ಲದಿದ್ದರೆ ನಡೆಯುತ್ತದೆ. ಕರೆಯುವವರು ಕಡಿಮೆಯಾಗಿದ್ದಾರೆ. ಕೀರ್ತನಾ ಹೊಸಪೇಟೆಯಲ್ಲಿ ಡಿಗ್ರಿ ಓದುತ್ತಿದ್ದಾಳೆ.

ಭಯ ಹೋಯಿತೇ ಎಂದು ಒಮ್ಮೆ ಕೇಳಿದೆ. "ಎಲ್ಲಿ ಹೋಗತೈತ್ರಿ ಅದು," ಅಂದಳು. "ಈಗ ಎರಡಾಗ್ಯಾವು. ನನ್ನದೊಂದು, ಅದರದೊಂದು."

ಹೋದ ತಿಂಗಳು ಹೂವಿನಹಡಗಲಿಯಲ್ಲಿ ನನಗೆ ಅವಳು ಆಕಸ್ಮಿಕವಾಗಿ ಸಿಕ್ಕಳು. ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಸಕ್ಕರಿಯನ್ನು ಹಿಡಿದುಕೊಂಡು ಬಿರಬಿರನೆ ಬರುತ್ತಿದ್ದಳು. ಹಿಂದೆ ಓಬಳೇಶ್. ಅವರ ಹಿಂದೆ ಏಳೆಂಟು ಮಂದಿ ಹುಡುಗರು, "ಬರ್ತೀನಂತ ಹೇಳಿ ಅರ್ಧಕ್ಕ ಹೊಂಟ್ಯಾ?" ಎಂದು ಕೂಗುತ್ತ ಬರುತ್ತಿದ್ದರು. ಡಿಜೆ ಇಲ್ಲವೆಂದು ಮಾತು ಕೊಟ್ಟಿದ್ದವರು, ಮದುವೆ ಮನೆಯ ಮುಂದೆ ಎರಡು ಗಾಡಿ ನಿಲ್ಲಿಸಿದ್ದರಂತೆ. ಒಬ್ಬ ಮುಂದೆ ಬಂದು ಹಗ್ಗಕ್ಕೆ ಕೈ ಹಾಕಿದ.

ಪಕ್ಕೀರಮ್ಮ ಹಗ್ಗ ಬಿಡಲಿಲ್ಲ. "ಬಿಡಪ್ಪ," ಅಂದಳು. "ನಿನ್ನ ಅಂಜಿಕಿ ನನಗೈತಿ. ಆದ್ರೂ ಬಿಡು."

ಅವನಿಗೆ ಏನು ತೋಚಿತೋ, ಬಿಟ್ಟ. ಅವರು ಗೊಣಗುತ್ತ ಹಿಂದಿರುಗಿದರು.

ನಾನು ಹತ್ತಿರ ಹೋದೆ. ಅವಳು ನಲ್ಲಿಯ ಹತ್ತಿರ ಕುದುರೆಯನ್ನು ನಿಲ್ಲಿಸಿ ಬಕೆಟ್ಟು ತುಂಬಿಸುತ್ತಿದ್ದಳು. ಅರ್ಧ ನೀರು ಕೆಳಗೆ ಚೆಲ್ಲಿತು. "ಚಾ ಕುಡೀತೀರಾ ಮೇಷ್ಟ್ರೇ?" ಎಂದಳು. ಓಬಳೇಶ್ ಮೂರು ಚಹಾ ತಂದ. ಬಿಸಿಲಲ್ಲಿ ನಿಂತೇ ಕುಡಿದೆವು. ಸಕ್ಕರಿ ನೀರು ಮುಗಿಸಿ ತಲೆಯೆತ್ತಿದಾಗ ಪಕ್ಕೀರಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.